ಮಗುವಿನ ಕೋಣೆ ಏಕೆ ಬಿಸಿಯಾಗುತ್ತಿಲ್ಲ?

ಪಡಸಾಲೆಯಲ್ಲಿ ಸೆಕೆಯಾಗುವಷ್ಟು ಬಿಸಿ, ಮಗು ಮಲಗುವ ಕೋಣೆಯಲ್ಲಿ ಮಾತ್ರ ಕೈಕಾಲು ತಣ್ಣಗಾಗುವಷ್ಟು ಚಳಿ. ಆ ಕೋಣೆಯ ರೇಡಿಯೇಟರಿನ (ಒಳಗೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಾಗಿಸುವ ಲೋಹದ ಫಲಕದ) ತಿರುಪನ್ನು 5ಕ್ಕೆ ತಿರುಗಿಸಿಟ್ಟರೂ ಏನೂ ಬದಲಾಗಲಿಲ್ಲ, ಒಂದೊಂದು ಕೋಣೆಗೂ ಬೇಕಾದಷ್ಟೇ ಬಿಸಿ ಸಿಗುವಂತೆ ಮಾಡುವುದು ಹೇಗೆ ಎಂದು ಕೇಳಿದ್ದೀರಿ. 15 ವರ್ಷಗಳ ಹಿಂದೆ, ಈ ಚಳಿಯ ನಾಡಿಗೆ ಬಂದ ಮೊದಲ ಚಳಿಗಾಲದಲ್ಲಿ ನನ್ನ ಮನೆಯಲ್ಲೂ ಇದೇ ಸ್ಥಿತಿಯಿತ್ತು. ಆದ್ದರಿಂದ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ತಿಳಿಯಬೇಕಾದದ್ದು, ಈ ವ್ಯವಸ್ಥೆಯಲ್ಲಿ ತೀರ್ಮಾನ ಮಾಡುವವರು ಇಬ್ಬರು ಎಂಬುದನ್ನು. ಪಡಸಾಲೆಯ ಗೋಡೆಯ ಮೇಲಿದ್ದು ಅಲ್ಲಿನ ಬಿಸಿಯನ್ನು ಅಳೆಯುವ ಥರ್ಮೋಸ್ಟಾಟ್, ಇಡೀ ಮನೆಗೆ ನೀರು ಕಾಯಿಸುವ ಬಾಯ್ಲರ್ ಉರಿಯಬೇಕೇ ಬೇಡವೇ ಎಂಬುದನ್ನು ನಿರ್ಧರಿಸುತ್ತದೆ. ರೇಡಿಯೇಟರಿನ ಪಕ್ಕದ ವಾಲ್ವ್, ಅಂದರೆ ನೀವು ತಿರುಗಿಸಿದ ಆ ತಿರುಪು, ಆ ಕೋಣೆಯೊಳಗೆ ಬಿಸಿನೀರು ಎಷ್ಟು ಬರಬೇಕು ಎಂಬುದನ್ನಷ್ಟೇ ನಿರ್ಧರಿಸುತ್ತದೆ. ನಿಮ್ಮ ಪಡಸಾಲೆ ಬೇಗ ಬೆಚ್ಚಗಾಗುತ್ತದೆ, ಥರ್ಮೋಸ್ಟಾಟ್ ತನ್ನ ಕೆಲಸ ಮುಗಿಯಿತೆಂದು ಬಾಯ್ಲರನ್ನು ನಿಲ್ಲಿಸಿಬಿಡುತ್ತದೆ. ಆಮೇಲೆ ಮಗುವಿನ ಕೋಣೆಯ ವಾಲ್ವ್ ಪೂರ್ತಿ ತೆರೆದಿದ್ದರೂ ಒಳಗೆ ಬರಲು ಬಿಸಿನೀರೇ ಇರುವುದಿಲ್ಲ. ನಿಮ್ಮ ತೊಂದರೆಯ ಮೂಲ ಬಹುಮಟ್ಟಿಗೆ ಇಲ್ಲಿಯೇ ಇದೆ ಎಂದು ನನಗನಿಸುತ್ತದೆ.

ವಾಲ್ವಿನ ಮೇಲಿರುವ ಅಂಕಿಗಳ ಅರ್ಥವೂ ಹಲವರಿಗೆ ತಿಳಿದಿರುವುದಿಲ್ಲ. ಅವು ಫ್ಯಾನಿನ ವೇಗದ ಅಂಕಿಗಳಂತಲ್ಲ. ತಿರುಪಿನ ತಲೆಯೊಳಗೆ ಮೇಣವನ್ನೋ ದ್ರವವನ್ನೋ ತುಂಬಿದ ಪುಟ್ಟ ಕೋಶವೊಂದಿದೆ. ಕೋಣೆ ಬೆಚ್ಚಗಾದಂತೆ ಅದು ಹಿಗ್ಗಿ ಒಂದು ಕಡ್ಡಿಯನ್ನು ಒತ್ತುತ್ತದೆ, ನೀರಿನ ದಾರಿ ಕಿರಿದಾಗುತ್ತದೆ. ತಣ್ಣಗಾದಾಗ ಕುಗ್ಗಿ ದಾರಿ ಬಿಡುತ್ತದೆ. ವಿದ್ಯುತ್ತಿನ ಹಂಗಿಲ್ಲದೆ ತಾನಾಗಿಯೇ ನಡೆಯುವ ಈ ಉಪಕರಣವನ್ನು ಡೆನ್ಮಾರ್ಕಿನ ಡ್ಯಾನ್‌ಫಾಸ್ ಸಂಸ್ಥೆಯ ಸ್ಥಾಪಕ ಮ್ಯಾಡ್ಸ್ ಕ್ಲಾಸೆನ್ 1943ರಲ್ಲಿ ರೂಪಿಸಿದರು, ಮತ್ತು ಇಂದಿಗೂ ಅದರ ತತ್ತ್ವ ಬದಲಾಗಿಲ್ಲ. ಸಾಮಾನ್ಯವಾಗಿ 3 ಎಂದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್, 2 ಎಂದರೆ ಸುಮಾರು 16. ಹಿಮದ ಚಿಹ್ನೆಯು ಕೊಳವೆಯ ನೀರು ಹೆಪ್ಪುಗಟ್ಟದಂತೆ ಕಾಯುವುದಕ್ಕಾಗಿ ಮಾತ್ರ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುವುದಿಲ್ಲ, ಎಲ್ಲಿ ನಿಲ್ಲಿಸಬೇಕೆಂಬ ಮಿತಿ ಮಾತ್ರ ಮೇಲೇರುತ್ತದೆ. ದಪ್ಪ ಪರದೆಯೋ ಸೋಫಾವೋ ಆ ತಲೆಯನ್ನು ಮುಚ್ಚಿದ್ದರೆ, ಅದು ತನ್ನ ಸುತ್ತಲಿನ ಬಿಸಿಯನ್ನೇ ಕೋಣೆಯ ಬಿಸಿಯೆಂದು ತಿಳಿದು ಬೇಗ ಮುಚ್ಚಿಕೊಳ್ಳುತ್ತದೆ ಎಂಬುದನ್ನೂ ಗಮನಿಸಿ.

ಇನ್ನು ಪರಿಹಾರಕ್ಕೆ ಬರೋಣ. ಥರ್ಮೋಸ್ಟಾಟ್ ಇರುವ ಕೋಣೆಯಲ್ಲಿ ಇಂಥ ವಾಲ್ವ್ ಇದ್ದರೆ ಅದನ್ನು ಪೂರ್ತಿ ತೆರೆದಿಡಬೇಕು. ಇಲ್ಲವಾದರೆ ಥರ್ಮೋಸ್ಟಾಟ್ ತೃಪ್ತಿಯಾಗುವ ಮೊದಲೇ ವಾಲ್ವ್ ಮುಚ್ಚಿಕೊಂಡು, ಬಾಯ್ಲರ್ ಕಾರಣವಿಲ್ಲದೆ ಉರಿಯುತ್ತಲೇ ಇರುತ್ತದೆ. ಹಾಗಾದರೆ ಪಡಸಾಲೆಯ ಆತುರವನ್ನು ತಗ್ಗಿಸುವುದು ಹೇಗೆ? ಪ್ರತಿ ರೇಡಿಯೇಟರಿನ ಇನ್ನೊಂದು ತುದಿಯಲ್ಲಿ, ಸಾಮಾನ್ಯವಾಗಿ ಪ್ಲಾಸ್ಟಿಕ್ ಟೋಪಿಯ ಕೆಳಗೆ, ಲಾಕ್‌ಶೀಲ್ಡ್ ಎಂಬ ಎರಡನೆಯ ವಾಲ್ವ್ ಇರುತ್ತದೆ. ಬಿಸಿನೀರನ್ನು ಕೊಳವೆಗಳಲ್ಲಿ ತಳ್ಳುವ ಪಂಪಿಗೆ ಹತ್ತಿರವಿರುವ ರೇಡಿಯೇಟರುಗಳು ನೀರಿನ ದೊಡ್ಡ ಪಾಲನ್ನು ಮೊದಲೇ ಸೆಳೆದುಕೊಂಡು, ದೂರದವಕ್ಕೆ ಅಳಿದುಳಿದದ್ದು ಸಿಗುವುದನ್ನು ಸರಿಪಡಿಸುವುದೇ ಇದರ ಕೆಲಸ. ದೂರದ ಕೋಣೆಯ ಲಾಕ್‌ಶೀಲ್ಡನ್ನು ಪೂರ್ತಿ ತೆರೆದು, ಬಿಸಿಯಾಗುವುದರಲ್ಲಿ ಮುಂದಿರುವ ರೇಡಿಯೇಟರುಗಳದ್ದನ್ನು ಒಮ್ಮೆಗೆ ಕಾಲು ಸುತ್ತಿನಷ್ಟು ಮಾತ್ರ ಮುಚ್ಚುತ್ತ, ಪ್ರತಿ ಬದಲಾವಣೆಯ ನಂತರ ಮನೆ ಹದಕ್ಕೆ ಬರುವವರೆಗೆ ಕಾದು ನೋಡಬೇಕು. ಇದಕ್ಕೆ ತಾಳ್ಮೆ ಬೇಕು. ನನಗೆ ಎರಡು ವಾರಾಂತ್ಯಗಳು ಹಿಡಿದವು. ಆದರೆ ಹಣ ಕೊಟ್ಟು ಕೊಳ್ಳುವ ಯಾವ ಹೊಸ ಉಪಕರಣಕ್ಕಿಂತಲೂ ನನ್ನ ಮನೆಗೆ ಹೆಚ್ಚು ಒಳಿತಾದದ್ದು ಈ ಕೆಲಸದಿಂದಲೇ.

ಇದಕ್ಕೆ ಕೈಹಾಕುವ ಮುನ್ನ ರೇಡಿಯೇಟರನ್ನು ಮುಟ್ಟಿ ನೋಡಿ. ಮೇಲ್ಭಾಗ ತಣ್ಣಗಿದ್ದು ಕೆಳಭಾಗ ಬಿಸಿಯಿದ್ದರೆ ಒಳಗೆ ಗಾಳಿ ಸೇರಿದೆ, ಚಿಕ್ಕ ಕೀಲಿಯಿಂದ ಅದನ್ನು ಹೊರಬಿಡಬಹುದು. ಕೆಳಭಾಗವೇ ತಣ್ಣಗಿದ್ದರೆ ಕೆಸರು ಕೂತಿರುವ ಸಂಭವವಿದೆ. ಇಡೀ ರೇಡಿಯೇಟರು ತಣ್ಣಗಿದ್ದರೆ, ಬೇಸಿಗೆಯುದ್ದಕ್ಕೂ ಮುಚ್ಚಿಟ್ಟಿದ್ದ ವಾಲ್ವಿನ ಕಡ್ಡಿ ಸಿಕ್ಕಿಕೊಂಡಿರಬಹುದು.

ಕೋಣೆಗೊಂದು ವೇಳಾಪಟ್ಟಿ ಹಾಕಬಹುದಾದ, ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರಾನಿಕ್ ತಲೆಗಳ ಬಗ್ಗೆಯೂ ಕೇಳಿದ್ದೀರಿ. ನೀರು ಖಾಲಿ ಮಾಡದೆಯೇ ಹಳೆಯ ತಲೆ ಬಿಚ್ಚಿ ಅವನ್ನು ಕೂರಿಸಬಹುದು. ಆದರೆ ಕೊಳ್ಳುವಾಗ ಒಂದನ್ನು ಖಚಿತಪಡಿಸಿಕೊಳ್ಳಿ: ಕೋಣೆಗೆ ಬಿಸಿ ಬೇಕೆನಿಸಿದಾಗ ಅವು ಬಾಯ್ಲರನ್ನು ಎಬ್ಬಿಸಬಲ್ಲವೇ? ಎಬ್ಬಿಸಲಾರದವು ನಿಮ್ಮ ಈಗಿನ ತೊಂದರೆಯನ್ನು ಹಾಗೆಯೇ ಉಳಿಸುತ್ತವೆ. ಎಲ್ಲ ವಾಲ್ವುಗಳೂ ಒಟ್ಟಿಗೆ ಮುಚ್ಚಿಕೊಂಡರೆ ಪಂಪಿನ ನೀರಿಗೆ ದಾರಿಯಿಲ್ಲದಾಗುವುದರಿಂದ, ಬೈಪಾಸ್ (ಆಗಲೂ ನೀರು ಮರಳಿ ಹರಿಯಲು ಇರುವ ಅಡ್ಡದಾರಿ) ಇಲ್ಲದ ಮನೆಯಲ್ಲಿ ಒಂದು ರೇಡಿಯೇಟರನ್ನು, ಹೆಚ್ಚಾಗಿ ಬಚ್ಚಲುಮನೆಯದನ್ನು, ಸದಾ ತೆರೆದಿಡಬೇಕು. ನಿಮ್ಮ ಮನೆಯಲ್ಲಿ ಬಾಯ್ಲರಿನ ಬದಲು, ಹೊರಗಿನ ಗಾಳಿಯಿಂದಲೋ ನೆಲದಿಂದಲೋ ಬಿಸಿಯನ್ನು ಹೀರಿ ನೀರು ಕಾಯಿಸುವ ಹೀಟ್ ಪಂಪ್ ಇದ್ದರೆ ನನ್ನ ಸಲಹೆ ಬೇರೆಯೇ ಆಗುತ್ತದೆ; ಅದಕ್ಕೆ ಹದವಾದ ಬಿಸಿಯ ನೀರು ಎಲ್ಲೆಡೆ ಎಡೆಬಿಡದೆ ಹರಿಯುತ್ತಿರುವುದೇ ಒಳ್ಳೆಯದು.

ಉಳಿತಾಯಕ್ಕೆಂದು ಬಳಸದ ಕೋಣೆಯನ್ನು ಪೂರ್ತಿ ತಣ್ಣಗೆ ಬಿಡಬೇಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಅಡುಗೆಯಿಂದ, ಸ್ನಾನದಿಂದ, ಒಣಹಾಕಿದ ಬಟ್ಟೆಯಿಂದ ಎದ್ದ ತೇವ ಅಲ್ಲಿನ ತಣ್ಣನೆಯ ಗೋಡೆಗೆ ಕೂತು ಬೂಷ್ಟು ಹಿಡಿಯುತ್ತದೆ, ಅದು ಮಕ್ಕಳ ಉಸಿರಾಟಕ್ಕೆ ಕೆಟ್ಟದ್ದು. ಅಲ್ಲಿ ವಾಲ್ವನ್ನು 2ರಲ್ಲಿಟ್ಟು ಬಾಗಿಲು ಮುಚ್ಚಿಡಿ. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲಿ, ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆನ್ನುತ್ತದೆ. ಎಳೆಯ ಮಕ್ಕಳು ಮಲಗುವ ಕೋಣೆಗೆ ಬ್ರಿಟನ್ನಿನ ಆರೋಗ್ಯ ಸೇವೆ 16ರಿಂದ 20 ಡಿಗ್ರಿ ಸಾಕೆನ್ನುತ್ತದೆ. ನಮ್ಮ ಮೈಗೆ ಇದು ಮೊದಲಿಗೆ ಚಳಿಯೆನಿಸಿದರೂ ಮಗುವಿಗೆ ಅತಿಯಾದ ಬಿಸಿ ಇನ್ನೂ ಅಪಾಯಕಾರಿ.

ಆದ್ದರಿಂದ ಮಗುವಿನ ಕೋಣೆಯಲ್ಲಿ, ರೇಡಿಯೇಟರಿನಿಂದ ದೂರದಲ್ಲಿ ಒಂದು ಚಿಕ್ಕ ತಾಪಮಾಪಕವನ್ನಿಟ್ಟು, ಮೂರು ರಾತ್ರಿ ಮಲಗುವ ಮುನ್ನ ಮತ್ತು ಬೆಳಗ್ಗೆ ಎದ್ದಾಗ ಅದು ತೋರಿಸುವ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಆ ಹೊತ್ತಿಗೆ ಪಡಸಾಲೆಯ ಥರ್ಮೋಸ್ಟಾಟ್ ಎಷ್ಟು ತೋರಿಸುತ್ತಿತ್ತೆಂಬುದನ್ನೂ ಸೇರಿಸಿ ಕಳುಹಿಸಿದರೆ, ಯಾವ ರೇಡಿಯೇಟರಿನಿಂದ ಆರಂಭಿಸಬೇಕೆಂದು ತಿಳಿಸುತ್ತೇನೆ.