ನಾನೂ ಬರ್ಲಾ?

ಪ್ರಶ್ನೆ: ಮೇಡಂ, ಕೆಲಸದ ಮೇಲೆ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದು ಮೂರು ತಿಂಗಳಾಯ್ತು. ಊಟಕ್ಕೆ ಹೊರಟಾಗ ಪಕ್ಕದ ಸೀಟಿನವನು 'ಡೂ ಯೂ ವಾಂಟ್ ಟು ಕಮ್ ವಿತ್?' ಅಂತ ಕೇಳಿ ಅಲ್ಲಿಗೇ ನಿಲ್ಲಿಸುತ್ತಾನೆ. ಯಾರ ಜೊತೆ ಅಂತ ಹೇಳುವುದೇ ಇಲ್ಲ. ಇದು ತಪ್ಪು ಇಂಗ್ಲಿಷ್ ಅಲ್ವಾ? ಇನ್ನೊಂದು ವಿಷಯ. ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದವನಿಗೆ ನಾನು 'ಯೂ ಕ್ಯಾನ್ ಟ್ಯಾಗ್ ಅಲಾಂಗ್' ಅಂದೆ, ಅವನ ಮುಖ ಚಿಕ್ಕದಾಯ್ತು. ಯಾಕೆ?

ಉತ್ತರ: ಅವನದೇನೂ ತಪ್ಪಿಲ್ಲ, ಅದು ಆ ಸೀಮೆಯ ಮಾತು. ನೀವಿರುವ ಮಿನ್ನೆಸೋಟ ರಾಜ್ಯ, ವಿಸ್ಕಾನ್ಸಿನ್, ಷಿಕಾಗೊ ಕಡೆ 19ನೇ ಶತಮಾನದಲ್ಲಿ ಜರ್ಮನಿ, ನಾರ್ವೆ, ಸ್ವೀಡನ್‌ಗಳಿಂದ ಬಂದು ನೆಲೆಸಿದವರು ಜಾಸ್ತಿ. ಜರ್ಮನ್ ಭಾಷೆಯಲ್ಲಿ 'ಕೊಮ್ಸ್ಟ್ ಡು ಮಿಟ್?' ಅಂದರೆ 'ಜೊತೆಗೆ ಬರ್ತೀಯಾ?' ಅಂತ. ಆ ಧಾಟಿಯೇ ಇಂಗ್ಲಿಷಿಗೂ ಇಳಿಯಿತು ಎನ್ನುತ್ತಾರೆ. ಅಷ್ಟಕ್ಕೂ ನಾವು 'ಜೊತೆಗೆ ಬರ್ತೀಯಾ?' ಅಂದಾಗ 'ಯಾರ ಜೊತೆ?' ಅಂತ ಯಾರಾದರೂ ವ್ಯಾಕರಣ ಹಿಡಿದು ಕೂರುತ್ತಾರಾ?

ಎಡವಿದ್ದು ನೀವು. ಟ್ಯಾಗ್ ಅಂದರೆ ಮೊದಲಿಗೆ ಬಟ್ಟೆಯಿಂದ ಜೋತು ಬೀಳುವ ಚೂರು. ನಮ್ಮ ಗಾಳಿಪಟದ ಬಾಲಂಗೋಚಿ ಇದೆಯಲ್ಲ, ಹೆಚ್ಚೂಕಡಿಮೆ ಅದೇ ಭಾವ. ನಿಮ್ಮ ಬಗ್ಗೆ ನೀವೇ 'ಕ್ಯಾನ್ ಐ ಟ್ಯಾಗ್ ಅಲಾಂಗ್?' ಅಂದರೆ ಅದು ವಿನಯ, 'ನಿಮಗೆ ತೊಂದರೆ ಇಲ್ಲ ಅಂದ್ರೆ ನಾನೂ ಬರ್ಲಾ?' ಅಂದ ಹಾಗೆ. ಅದನ್ನೇ ಬೇರೆಯವರಿಗೆ ಅಂದರೆ 'ಬೇಕಿದ್ರೆ ನೀನೂ ಬಾ' ಅಂತ ಕೇಳಿಸುತ್ತದೆ. ಚಿಕ್ಕಂದಿನಲ್ಲಿ ಜಾತ್ರೆಗೆ ಹೊರಟಾಗ ಅಮ್ಮನ ಬಲವಂತಕ್ಕೆ ತಮ್ಮನನ್ನು ನಾನು ಕರೆಯುತ್ತಿದ್ದದ್ದು ಹೀಗೇ, ಪಾಪ, ಅವನ ಮುಖವೂ ಚಿಕ್ಕದಾಗುತ್ತಿತ್ತು! ಇನ್ನು ಮೇಲೆ 'ಕಮ್ ಅಲಾಂಗ್' ಅನ್ನಿ, ಇಲ್ಲವೇ 'ವೈ ಡೋಂಟ್ ಯೂ ಜಾಯಿನ್ ಅಸ್?' ಅನ್ನಿ.

ನಿಮ್ಮನ್ನು ಕರೆದಾಗ 'ಐ ಆಮ್ ಇನ್' ಅಥವಾ 'ಕೌಂಟ್ ಮಿ ಇನ್' ಸಾಕು. 'ಐ ಆಮ್ ಅಪ್ ಫಾರ್ ಇಟ್' ಅಂದರೂ ಬರ್ತೀನಿ, ಹುಡುಗರ ಬಾಯಲ್ಲಿ 'ಐ ಆಮ್ ಡೌನ್' ಅಂದರೂ ಬರ್ತೀನಿ. ಮೇಲೂ ಅದೇ, ಕೆಳಗೂ ಅದೇ. ಹಾಗಾಗಿ ಡೌನ್ ಅಂದವನಿಗೆ ಏನೋ ಬೇಜಾರಾಗಿದೆ ಅಂತ ಸಮಾಧಾನ ಮಾಡಲು ಹೋಗಬೇಡಿ.

ಹೊರಟಿರುವುದು ಬರೀ ಗಂಡ ಹೆಂಡತಿ ಅಂತ ಗೊತ್ತಾದರೆ ಮಾತ್ರ ಏನಾದರೂ ನೆಪ ಹೇಳಿ ಜಾರಿಕೊಳ್ಳಿ. ಅಂಥ ಕಡೆ ನುಗ್ಗಿದವನು ಅಮೆರಿಕದವರಿಗೆ ಥರ್ಡ್ ವೀಲ್, ಇಂಗ್ಲೆಂಡಿನವರಿಗೆ ಗೂಸ್‌ಬೆರಿ. ನಮ್ಮಲ್ಲಾದರೆ ಶಿವಪೂಜೆಯ ಕರಡಿ.