ಬೇರಿನ ಗಂಟು, ಕೊಂಬೆಯ ಬಂದಳಿಕೆ: ಸಹಜೀವನದ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಸಹಜೀವನ ಎಂದರೆ ಎರಡೂ ಜೀವಿಗಳಿಗೆ ಲಾಭ ಎಂದು ತಿಳಿದಿದ್ದೆ. ಮಗಳ ಪುಸ್ತಕದಲ್ಲಿ ಪರಾವಲಂಬನೆಯನ್ನೂ ಅದರಲ್ಲೇ ಸೇರಿಸಿದ್ದಾರೆ. ಯಾವುದು ಸರಿ?

ಪುಸ್ತಕದ್ದೇ ಸರಿ. ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ 1879ರಲ್ಲಿ ಕೊಟ್ಟ ಅರ್ಥ, ಬೇರೆ ಬೇರೆ ಬಗೆಯ ಜೀವಿಗಳು ಒಟ್ಟಿಗೆ ಬದುಕುವುದು ಎಂದಷ್ಟೇ. ಎರಡಕ್ಕೂ ಲಾಭವಿದ್ದರೆ ಪರಸ್ಪರ ಸಹಕಾರ. ಒಂದಕ್ಕೆ ಲಾಭವಾಗಿ ಇನ್ನೊಂದಕ್ಕೆ ಏನೂ ಆಗದಿದ್ದರೆ ಸಹಭೋಜಿತ್ವ, ನಷ್ಟವಾದರೆ ಪರಾವಲಂಬನೆ. ಆದರೆ ಯಾವ ಜೋಡಿಗೂ ಈ ಹೆಸರು ಶಾಶ್ವತವಲ್ಲ. ಆಫ್ರಿಕಾದ ಆಕ್ಸ್‌ಪೆಕರ್ ಹಕ್ಕಿ ಕಾಡೆಮ್ಮೆಯ ಮೈಮೇಲಿನ ಉಣುಗು ಹೆಕ್ಕುತ್ತದೆ. ಅದೇ ಹಕ್ಕಿ ಗಾಯ ಕುಕ್ಕಿ ರಕ್ತವನ್ನೂ ಕುಡಿಯುತ್ತದೆ.

ಪ್ರಶ್ನೆ: ಮಾವಿನ ಕೊಂಬೆಯ ಮೇಲೆ ಸೀತಾಳೆ ದಂಡೆ, ಬಂದಳಿಕೆ ಎರಡೂ ಬೆಳೆದಿವೆ. ಎರಡನ್ನೂ ತೆಗೆಯಬೇಕೇ?

ಸೀತಾಳೆಯನ್ನು ದಯವಿಟ್ಟು ಬಿಡಿ. ಅದರ ಬೇರು ತೊಗಟೆಯನ್ನು ಹಿಡಿದುಕೊಂಡಿರುತ್ತದೆ, ಒಳಗೆ ಇಳಿಯುವುದಿಲ್ಲ. ಬೇರಿನ ಮೇಲೆ ನೀರು ಚಿಮುಕಿಸಿ ನೋಡಿ: ಬೆಳ್ಳಗಿದ್ದದ್ದು ಸ್ವಲ್ಪ ಹೊತ್ತಿಗೆ ಹಸಿರಾಗುತ್ತದೆ. ಆ ಸ್ಪಂಜಿನಂಥ ಹೊದಿಕೆಯೇ ಮಳೆ, ಮಂಜಿನ ನೀರನ್ನು ಹೀರಿಕೊಳ್ಳುವುದು.

ಬಂದಳಿಕೆ ಕೂತ ಜಾಗದಲ್ಲಿ ಕೊಂಬೆ ಊದಿಕೊಂಡಿರುತ್ತದೆ. ಅಲ್ಲಿ ಅದು ತನ್ನ ಹೀರುಬೇರನ್ನು ಮರದ ನೀರುಕೊಳವೆಗೆ ಸೇರಿಸಿರುತ್ತದೆ. ಎಲೆ ಹಸಿರಾಗಿರುವುದರಿಂದ ಸಕ್ಕರೆಯನ್ನು ತಾನೇ ತಯಾರಿಸಿಕೊಳ್ಳುತ್ತದೆ, ಕದಿಯುವುದು ನೀರು ಮತ್ತು ಲವಣ. ಮರ ಬರಕ್ಕೆ ಎಲೆರಂಧ್ರ ಮುಚ್ಚಿದರೂ ಬಂದಳಿಕೆ ನೀರು ಆವಿ ಮಾಡುತ್ತಲೇ ಇರುವುದರಿಂದ ಮೊದಲು ಒಣಗುವುದು ಅದರಾಚೆಗಿನ ಕೊಂಬೆಯ ತುದಿ. ಬರೀ ಗಿಡವನ್ನು ಮುರಿದು ಹಾಕಿದರೆ ಒಳಗಿನ ಭಾಗದಿಂದ ಮತ್ತೆ ಚಿಗುರುತ್ತದೆ. ಬಹಳ ಜನ ಎಡವುವುದು ಇಲ್ಲೇ. ಊತದಿಂದ ಒಂದಡಿ ಕಾಂಡದ ಕಡೆಗೆ ಕೊಂಬೆಯನ್ನೇ ಕತ್ತರಿಸಿ, ಅದೂ ಹಣ್ಣಾಗುವ ಮೊದಲು. ಹಣ್ಣು ತಿಂದ ಬದನಿಕೆ ಹಕ್ಕಿ ಅಂಟಂಟಾದ ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿತೆಂದರೆ ಅಲ್ಲೊಂದು ಹೊಸ ಬಂದಳಿಕೆ.

ಪ್ರಶ್ನೆ: ಅಲಸಂದೆ ಬೇರಿನಲ್ಲಿ ಗಂಟುಗಳಿವೆ, ಆದರೂ ಗಿಡ ಹಳದಿಯಾಗಿದೆ. ಬ್ಯಾಕ್ಟೀರಿಯಾ ಸಾರಜನಕ ಕೊಡುತ್ತಿಲ್ಲವೇ?

ಗಂಟು ಇದ್ದ ಮಾತ್ರಕ್ಕೆ ಕೆಲಸ ನಡೆಯುತ್ತಿದೆ ಎಂದಲ್ಲ. ಹೂವಾಡುವ ಹೊತ್ತಿಗೆ ಪರೀಕ್ಷಿಸಿ. ಗಿಡವನ್ನು ಕೈಯಲ್ಲಿ ಎಳೆದರೆ ಗಂಟುಗಳು ಮಣ್ಣಲ್ಲೇ ಉದುರುತ್ತವೆ. ಬುಡದ ಸುತ್ತ 15 ಸೆಂ.ಮೀ. ಬಿಟ್ಟು ಗುದ್ದಲಿಯಿಂದ ಮಣ್ಣು ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಸಿ ತೊಳೆಯಿರಿ.

ಮೊದಲು ಗಂಟನ್ನು ಬೆರಳಿಂದ ಉಜ್ಜಿ. ಸುಲಭವಾಗಿ ಕಳಚಿ ಬಂದರೆ ಅದು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾದ, ಅಂದರೆ ರೈಜೋಬಿಯಂನ ಗಂಟು. ಬೇರೇ ಊದಿಕೊಂಡಂತಿದ್ದು ಕಳಚದಿದ್ದರೆ ಅದು ಬೇರುಗಂಟು ಜಂತುಹುಳುವಿನ ಕೆಲಸ, ಅಪ್ಪಟ ಪರಾವಲಂಬಿ.

ಕಳಚಿದ ಗಂಟುಗಳಲ್ಲಿ ಹತ್ತನ್ನು ಬ್ಲೇಡಿನಿಂದ ಸೀಳಿ. ಒಳಗೆ ಮಾಂಸದಂಥ ಗುಲಾಬಿ ಬಣ್ಣವಿದ್ದರೆ ಸಾರಜನಕ ಸಿಗುತ್ತಿದೆ. ಆ ಬಣ್ಣ ಲೆಗ್‌ಹೀಮೋಗ್ಲೋಬಿನ್‌ನದು, ನಮ್ಮ ರಕ್ತದ ಹೀಮೋಗ್ಲೋಬಿನ್‌ನ ನೆಂಟ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ, ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಇಕ್ಕಟ್ಟನ್ನು ಬಿಡಿಸುವುದೇ ಆ ಕೆಂಪು ಪ್ರೋಟೀನು: ಆಮ್ಲಜನಕವನ್ನು ಹಿಡಿದಿಟ್ಟು ಅಳೆದು ಕೊಡುತ್ತದೆ. ಒಳಗೆ ಬಿಳಿಯಿದ್ದರೆ ಗಂಟು ಎಳೆಯದು, ಇಲ್ಲವೇ ನಿಷ್ಪ್ರಯೋಜಕ. ಹಸಿರು ಅಥವಾ ಕಂದಾಗಿದ್ದರೆ ಆಯಸ್ಸು ಮುಗಿದಿದೆ. ಕಾಯಿ ಬಲಿಯುವಾಗ ಇದು ಸಹಜ.

ಬಿಳಿ ಗಂಟಿಗೆ ಕಾರಣ ಹಲವು. ಹುಳಿ ಮಣ್ಣಿನಲ್ಲಿ ಕಿಣ್ವಕ್ಕೆ ಬೇಕಾದ ಮಾಲಿಬ್ಡಿನಮ್ ಸಿಗುವುದಿಲ್ಲ. ನೀರು ನಿಂತರೆ ಬೇರಿಗೆ ಗಾಳಿ ಇಲ್ಲ. ಬೀಜಕ್ಕೆ ಹಚ್ಚಿದ ಜೀವಾಣು ಆ ಬೆಳೆಯದ್ದೇ ಆಗಿರಬೇಕು. ಸೋಯಾ ಅವರೆಯದನ್ನು ಕಡಲೆಗೆ ಹಚ್ಚಿ ಫಲವಿಲ್ಲ. ಯೂರಿಯಾ ಹೆಚ್ಚಾದರಂತೂ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಮಣ್ಣಿನಲ್ಲೇ ಸಿಗುವ ಸಾರಜನಕಕ್ಕೆ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಯಾಕೆ ತೆರಬೇಕು?

ಪ್ರಶ್ನೆ: ಕೆಲಸ ಮಾಡದ ಬ್ಯಾಕ್ಟೀರಿಯಾವನ್ನು ಗಿಡ ಸುಮ್ಮನೆ ಸಾಕುತ್ತದೆಯೇ?

ಇಲ್ಲ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೋಯಾ ಅವರೆಯ ಬೇರುಗಂಟಿನ ಸುತ್ತ ಸಾರಜನಕದ ಬದಲು ಆರ್ಗಾನ್ ತುಂಬಿದ ಗಾಳಿ ಹಾಯಿಸಿದರು. ಒಳ್ಳೆಯ ಬ್ಯಾಕ್ಟೀರಿಯಾವೂ ಆಗ ಗಿಡಕ್ಕೆ ಏನನ್ನೂ ಕೊಡಲಾಗಲಿಲ್ಲ. ಅಂಥ ಗಂಟಿನೊಳಗೆ ಆಮ್ಲಜನಕದ ಪೂರೈಕೆ ತಗ್ಗಿತು, ಬ್ಯಾಕ್ಟೀರಿಯಾದ ಸಂಖ್ಯೆಯೂ ಮಾಮೂಲಿ ಗಾಳಿಯಲ್ಲಿದ್ದ ಗಂಟಿಗಿಂತ ಕಡಿಮೆಯಾಯಿತು.