ಹಳೆ ಜೀಪಿಗೆ ಬೇರೆ ಡೀಸೆಲ್ ಇಂಜಿನ್ ಕೂರಿಸಿದ್ದೇನೆ, ಓಡಾಟ ಬಳ್ಳಾರಿ-ಸಂಡೂರು ಕಡೆ. ಏರ್ ಇಂಟೇಕ್ (ಇಂಜಿನ್‌ಗೆ ಗಾಳಿ ಹೋಗುವ ಫಿಲ್ಟರ್, ಪೈಪು) ಯಾವುದು ಹಾಕಿಸಲಿ?

ಇಂಜಿನ್ ಯಾವ ಗಾಡಿಯಿಂದ ಬಂತೋ, ಆ ಗಾಡಿಯದೇ ಏರ್ ಫಿಲ್ಟರ್ ಡಬ್ಬ ಹಾಕಿಸಿ. ಜಾಗ ಸಾಲದಿದ್ದರೆ, ಅಷ್ಟೇ ದೊಡ್ಡ ಪೇಪರ್ ಫಿಲ್ಟರ್ ಇರುವ ಬೇರೆ ಮುಚ್ಚಿದ ಡಬ್ಬ ನೋಡಿ. ಜೀಪಿನ ಹಳೆಯದನ್ನೇ ಉಳಿಸಿಕೊಳ್ಳಬೇಡಿ.

ಎಷ್ಟು ಗಾಳಿ ಬೇಕು ಅನ್ನುವುದು ಇಂಜಿನ್ ಮೇಲೆ ನಿಂತಿದೆ, ಗಾಡಿ ಮೇಲಲ್ಲ. ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಸಿಸಿಯಷ್ಟು (ಸಿಲಿಂಡರ್‌ಗಳ ಒಟ್ಟು ಅಳತೆಯಷ್ಟು) ಗಾಳಿ ಎಳೆಯುತ್ತದೆ. ಅಂದರೆ 2 ಲೀಟರ್ ಇಂಜಿನ್ 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತಿನಲ್ಲಿ, ನಿಮಿಷಕ್ಕೆ ಹೆಚ್ಚುಕಡಿಮೆ 3000 ಲೀಟರ್. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದ್ದರೆ ಇನ್ನೂ ಜಾಸ್ತಿ. ಫಿಲ್ಟರ್ ಚಿಕ್ಕದಾದರೆ ಉಸಿರು ಕಟ್ಟುತ್ತದೆ: ಎಳೆತ ಕಮ್ಮಿ, ಕಪ್ಪು ಹೊಗೆ.

ಬಾನೆಟ್ ಒಳಗೆ ತೆರೆದ ಕೋನ್ ಫಿಲ್ಟರ್ ಹಾಕುತ್ತೇವೆ ಅಂದರೆ ಒಪ್ಪಬೇಡಿ. ಅದು ಇಂಜಿನ್‌ನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಬಿಸಿ ಗಾಳಿ ತೆಳು, ಆಮ್ಲಜನಕ ಕಡಿಮೆ. ನಮ್ಮ ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಪೈಪಿನ ಬಾಯಿ ಹೊರಗಿನ ಗಾಳಿಗೆ, ಆದಷ್ಟು ಎತ್ತರದಲ್ಲಿರಲಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಧೂಳು. ನಿಮ್ಮ ಕಡೆಯ ಕೆಂಪು ಕಬ್ಬಿಣದ ಅದಿರಿನ ಪುಡಿ ಗಟ್ಟಿ. ಒಳಹೋದರೆ ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆಯನ್ನು ಉಜ್ಜಿ ಸವೆಸುತ್ತದೆ. ಇಂಜಿನ್ ಬದಲಿಸಿದಾಗ ಪೈಪುಗಳನ್ನು ಹೇಗೋ ಜೋಡಿಸಿರುತ್ತಾರೆ ಅಲ್ವಾ? ಫಿಲ್ಟರ್ ದಾಟಿದ ಮೇಲಿನ ಆ ಜೋಡಣೆ ಸಡಿಲವಿದ್ದರೆ ಎಂಥ ಫಿಲ್ಟರ್ ಇದ್ದೂ ಪ್ರಯೋಜನವಿಲ್ಲ. ಒಂದು ವಾರ ಓಡಿಸಿ, ಪೈಪ್ ಬಿಚ್ಚಿ, ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಕೆಂಪು ಹತ್ತಿದರೆ ಎಲ್ಲೋ ಸಂದು ಇದೆ. ಕ್ಲಾಂಪ್ ಬಿಗಿ ಮಾಡಿಸಿ, ಬಿರುಕು ಬಿಟ್ಟ ಹೋಸ್ ಬದಲಿಸಿ.